ಮೇಷ್ಟರ ವಲ್ಲಿ

ಮದ್ದೂರಿನ ನಮ್ಮ ಲೆಕ್ಕದ ಮೇಷ್ಟರು ಘಾತಾಂಕದ ನಿಯಮಗಳನ್ನು ಕಲಿಸಿದ್ದು ಹೆಗಲ ಮೇಲಿನ ವಲ್ಲಿಯನ್ನು ಮಡಿಸಿ. ಎರಡು ಮಡಿಕೆಗೆ ನಾಲ್ಕು ಪದರ. ಇನ್ನೊಂದು ಮಡಿಸಿದರೆ ಮೂರು ಮಡಿಕೆ, ಎಂಟು ಪದರ. ಮಡಿಕೆಯೇ ಘಾತಾಂಕ. "ಪದರ ಗುಣಿಸು, ಮಡಿಕೆ ಕೂಡು ಕಣ್ಲಾ" ಎಂಬುದು ಅವರ ಮಂತ್ರ. ಬಿಚ್ಚುವಾಗ ಮಾತ್ರ ಒಂದು ಮಡಿಕೆ ಉಳಿಸಿ ನಿಲ್ಲಿಸಿಬಿಡುತ್ತಿದ್ದರು. ಬಟ್ಟೆಗೂ ರೇಷನ್ ಇದ್ದ ಕಾಲ ಅದು.

ಒಂದು ದಿನ ಶಾಲೆಗೆ ಬಂದ ಇನ್‌ಸ್ಪೆಕ್ಟರು, ಎರಡರ ಘಾತಾಂಕ ಸೊನ್ನೆಯಾದರೆ ಬೆಲೆ ಎಷ್ಟೆಂದು ನನ್ನನ್ನು ಕೇಳಿದರು.

"ಸೊನ್ನೆ ಸಾ," ಎಂದೆ.

ಮೇಷ್ಟರು ವಲ್ಲಿಯನ್ನು ಪೂರ್ತಿ ಬಿಚ್ಚಿ ಹಿಡಿದರು. ಒಂದು ಮಗ್ಗುಲಲ್ಲಿ ಅಂಗೈಯಗಲ ತೂತು. ಅದರೊಳಗೆ ಇನ್‌ಸ್ಪೆಕ್ಟರ ಮೀಸೆ.

"ಈಗ ಮಡಿಕೆ ಎಷ್ಟದೆ?"

"ಸೊನ್ನೆ ಸಾ."

"ಪದರ?"

ತೂತನ್ನು ಲೆಕ್ಕಕ್ಕೆ ಹಿಡಿಯದೆ, "ಒಂದು ಸಾ," ಎಂದೆ.