ಗಾರ್ನೆಟ್ ಸುರೆಟ್ ಎದ್ದು ನಿಲ್ಲದ ದಿನ

ಗಾರ್ನೆಟ್ ಸುರೆಟ್ ಹನ್ನೊಂದು ವರ್ಷ ನಮ್ಮ ಊರಿನ ಶಾಸಕನಾಗಿದ್ದ. ಅದಕ್ಕೆ ಮೊದಲು ಶಾಲೆಯ ಬಸ್ಸು ಓಡಿಸುತ್ತಿದ್ದ. ಕಿನ್‌ಲಾಕ್ ಕೋವ್‌ನ ಅರ್ಧ ಜನ ಅವನ ಬಸ್ಸಿನಲ್ಲಿ ಓಡಾಡಿಯೇ ದೊಡ್ಡವರಾದವರು. ಹಿಮ ಸುರಿಯುವ ದಿನ, ಇಳಿದ ಮಗು ಮನೆಯ ಬಾಗಿಲು ತೆರೆದು ಒಳಗೆ ಹೋಗುವವರೆಗೆ ಅವನ ಬಸ್ಸು ಕದಲುತ್ತಿರಲಿಲ್ಲ. ಅಂಥವನೆಂದೇ ನಾವು ಅವನಿಗೆ ಮತ ಹಾಕಿದೆವು, ಅಂಥವನೆಂದೇ ನಾನು ಅವನ ಕಚೇರಿಯಲ್ಲಿ ಫೋನ್ ಎತ್ತುವ ಕೆಲಸಕ್ಕೆ ಸೇರಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವನು ಕೆಟ್ಟವನೇ ಆಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ವಿಧಾನಸಭೆಯಲ್ಲಿ ಅವನದು ಕೊನೆಯ ಸಾಲು, ಕೊನೆಯ ಕುರ್ಚಿ. ಮಸೂದೆಯನ್ನು ಮತಕ್ಕೆ ಹಾಕಿದಾಗ ಗುಮಾಸ್ತ ಒಬ್ಬೊಬ್ಬರ ಹೆಸರು ಕರೆಯುತ್ತಾನೆ. ಕರೆದವರು ಎದ್ದು ನಿಂತು ಹೌದು ಅಥವಾ ಇಲ್ಲ ಎನ್ನಬೇಕು. ಯಾರು ಏನೆಂದರು ಎಂಬುದು ಮರುದಿನ ಅಚ್ಚಾಗಿ ಬರುತ್ತದೆ. ಫೋನ್ ಬಾರದ ಮಧ್ಯಾಹ್ನಗಳಲ್ಲಿ ನಾನು ಆ ಪಟ್ಟಿಗಳನ್ನು ಓದುತ್ತಿದ್ದೆ, ಸಭೆಯ ನಿಯಮಗಳ ದಪ್ಪ ಪುಸ್ತಕವನ್ನೂ ಓದಿ ಮುಗಿಸಿದ್ದೆ. ಗಾರ್ನೆಟ್ ಆರುನೂರ ಹನ್ನೆರಡು ಸಲ ಎದ್ದು ನಿಂತಿದ್ದ. ಅಷ್ಟು ಸಲವೂ ಪಕ್ಷ ಹೇಳಿಸಿದ್ದನ್ನೇ ಹೇಳಿದ್ದ. ಕ್ರಿಸ್‌ಮಸ್ ಊಟದಲ್ಲಿ ಪಕ್ಷದ ಸಚೇತಕ ಮರ್ರೇ ಕ್ರೂಕ್ಸ್ ಅವನ ಕೋಟಿಗೆ ಬೆಳ್ಳಿಯ ಪಿನ್ನು ಚುಚ್ಚಿ, "ಇವನಿಗೆ ಫೋನ್ ಮಾಡೋ ಕೆಲ್ಸಾನೇ ಇಲ್ಲ ನಂಗೆ" ಎಂದು ಎಲ್ಲರನ್ನೂ ನಗಿಸಿದ್ದನಂತೆ. ಗಾರ್ನೆಟ್ ಅದನ್ನು ಹೊಗಳಿಕೆಯೆಂದೇ ತಿಳಿದು ನಮಗೆ ಬಂದು ಹೇಳಿದ್ದ.

ಆ ನವೆಂಬರಿನಲ್ಲಿ ನಮ್ಮ ಆಸ್ಪತ್ರೆಯ ಹೆರಿಗೆ ವಾರ್ಡು ಮುಚ್ಚುವ ಮಸೂದೆ ಬಂತು. ಅದು ಮುಚ್ಚಿದರೆ ಇನ್ನೊಂದು ವಾರ್ಡಿರುವುದು ನೂರಹತ್ತು ಕಿಲೋಮೀಟರ್ ಆಚೆ. ಕಡಲಂಚಿನ ಆ ರಸ್ತೆ ಜನವರಿಯಲ್ಲಿ ವಾರಕ್ಕೆ ಎರಡು ದಿನ ಹಿಮದಡಿ ಇರುತ್ತದೆ. ನನ್ನ ತಂಗಿಯ ಮಗಳು ಜೋಸಿ ಆಗ ಏಳು ತಿಂಗಳ ಬಸುರಿ. ಅವಳ ಮೊದಲ ಮಗು, ನೋವು ಶುರುವಾಗಿ ಒಂದೂವರೆ ಗಂಟೆಯಲ್ಲಿ ಹುಟ್ಟಿತ್ತು.

ಜೋಸಿ ನೇರ ಕಚೇರಿಗೇ ಬಂದಳು.

"ಗಾರ್ನೆಟ್, ಹತ್ತು ವರ್ಷ ನಿನ್ನ ಬಸ್ಸಲ್ಲಿ ಬಂದೋಳು ನಾನು. ಸುತ್ತಿ ಬಳಸಿ ಮಾತಾಡ್ಬೇಡ. ಹೌದು ಅಂತೀಯೋ, ಇಲ್ಲ ಅಂತೀಯೋ?"

"ಕೂತ್ಕೋ ಮೊದ್ಲು. ಹೊಟ್ಟೆ ನೋಡಿದ್ರೆ ಎರಡಿರೋ ಹಾಗಿದೆ."

"ಎರಡಿದ್ರೆ ಒಂದನ್ನ ದಾರೀಲಿ ಹೆರ್ತೀನಿ, ಇನ್ನೊಂದನ್ನ ಆಸ್ಪತ್ರೆ ಸೇರಿದ್ಮೇಲೆ. ಉತ್ತರ ಹೇಳು."

ಅವನ ನಗು ಅರ್ಧಕ್ಕೆ ನಿಂತಿತು. "ಇಲ್ಲ ಅಂತೀನಿ ಕಣೇ," ಎಂದು ನನ್ನ ಕಡೆ ಕೈ ತೋರಿಸಿದ. "ಐಲೀನ್ ಇದ್ದಾಳಲ್ಲ, ಅವಳೇ ಸಾಕ್ಷಿ. ಈ ಸಲ ಎದ್ದು ನಿಂತು ಇಲ್ಲ ಅಂತಾನೇ ಹೇಳ್ತೀನಿ."

ಆ ಭಾನುವಾರ ಚರ್ಚಿನಲ್ಲಿ ನಾನು ಬೇರೇನನ್ನೂ ಬೇಡಲಿಲ್ಲ, ಅವನಿಗೆ ಮಂಡಿಯಲ್ಲಿ ಬಲ ಕೊಡು ಎಂದಷ್ಟೇ ಬೇಡಿದೆ. ಸ್ಪೀಕರನ್ನು ಬಿಟ್ಟರೆ ಅವನ ಪಕ್ಷದವರು ಇಪ್ಪತ್ತೈದು, ಎದುರಿನವರು ಇಪ್ಪತ್ತನಾಲ್ಕು. ಅವನೊಬ್ಬ ಆ ಕಡೆ ಸೇರಿದರೆ ಮಸೂದೆ ಬೀಳುತ್ತಿತ್ತು.

ಗುರುವಾರ ಮತ ಹಾಕಿದರು. ಶುಕ್ರವಾರ ಬೆಳಿಗ್ಗೆ ಪಟ್ಟಿ ತೆರೆದೆ. ಹೌದು ಇಪ್ಪತ್ತನಾಲ್ಕು, ಇಲ್ಲ ಇಪ್ಪತ್ತಮೂರು. ಎರಡೂ ಕಡೆ ಹುಡುಕಿದೆ, ಗಾರ್ನೆಟ್ ಹೆಸರಿರಲಿಲ್ಲ. ವಿರೋಧ ಪಕ್ಷದ ಒಡೆಟ್ ಕೋಮೊ ಹೆಸರೂ ಇರಲಿಲ್ಲ.

ಹತ್ತು ಗಂಟೆಗೆ ಒಡೆಟ್ ತಾನಾಗಿಯೇ ಫೋನ್ ಮಾಡಿದಳು.

"ಗಾರ್ನೆಟ್‌ಗೆ ಥ್ಯಾಂಕ್ಸ್ ಹೇಳ್ಬೇಕಿತ್ತಮ್ಮ. ನಿನ್ನೆ ನನ್ನ ಗಂಡ ಲಿಯೋಗೆ ಹಾರ್ಟ್ ಆಪರೇಷನ್ ಆಯ್ತು. ನಂಗೆ ಜೋಡಿಯಾಗಿ ಅವರೂ ಸಭೆಗೆ ಹೋಗ್ಲಿಲ್ಲವಂತೆ. ದೊಡ್ಡ ಮನಸ್ಸು."

ಜೋಡಿ ಎಂಬುದು ಸಭೆಯ ಹಳೆಯ ಪದ್ಧತಿ. ಕಾಯಿಲೆಯೋ ಸಾವೋ ಬಂದು ಒಂದು ಕಡೆಯವರು ಬರಲಾಗದಿದ್ದರೆ ಇನ್ನೊಂದು ಕಡೆಯವರೊಬ್ಬರು ತಾವೂ ಹೊರಗುಳಿಯುತ್ತಾರೆ. ಒಂದು ಹೌದು, ಒಂದು ಇಲ್ಲ, ಎರಡೂ ಕಳೆದು ಫಲಿತಾಂಶ ಇದ್ದ ಹಾಗೇ ಉಳಿಯುತ್ತದೆ. ಕಾಗದವಿಲ್ಲ, ಸಹಿಯಿಲ್ಲ, ನಡೆಯುವುದೆಲ್ಲ ಮಾತಿನ ಮೇಲೆ. ಆದರೆ ಇಬ್ಬರೂ ಇಲ್ಲ ಎನ್ನುವವರೇ ಆದರೆ ಅದು ಜೋಡಿ ಹೇಗಾದೀತು?

ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. "ಒಡೆಟ್, ಗಾರ್ನೆಟ್ ಇಲ್ಲ ಅಂತ ಹೇಳೋನಿದ್ದ. ನಮಗೆ ಮಾತು ಕೊಟ್ಟಿದ್ದ."

ಆ ಕಡೆ ಆಸ್ಪತ್ರೆಯ ಗಾಲಿಮಂಚವೊಂದು ಉರುಳಿಹೋದ ಸದ್ದು ಕೇಳಿತು.

"ಅವನು ನಮ್ಮ ಗಟ್ಟಿ ಆಳು, ಹೌದು ಅನ್ನೋನೇ ಅಂದಿದ್ದ ಮರ್ರೇ," ಎಂದಳು. ಆಮೇಲೆ ಸಣ್ಣ ದನಿಯಲ್ಲಿ, "ನಾನು ಬರ್ತಿದ್ದೆ ಕಣಮ್ಮ. ಮೂರು ಗಂಟೆ ದಾರಿ ಅಷ್ಟೆ. ಲಿಯೋನೇ ಹೋಗು ಅಂದಿದ್ದ."

ಫೋನ್ ಇಟ್ಟು ಪ್ರಾರ್ಥಿಸಲು ನೋಡಿದೆ. ಮಾತು ಬರಲಿಲ್ಲ. ಎದೆ ಸೀಳಿಸಿಕೊಂಡು ಮಲಗಿದ್ದವನ ಮಂಚವನ್ನು ಮರೆ ಮಾಡಿಕೊಂಡು ಕೂತ ಗಾರ್ನೆಟ್ ಕಣ್ಣ ಮುಂದಿದ್ದ.

ಮಧ್ಯಾಹ್ನ ಗಾರ್ನೆಟ್ ಡೋನಟ್ ಡಬ್ಬಿ ಹಿಡಿದು ಬಂದ. ಇನ್ನೊಂದು ಕೈಯಲ್ಲಿ ಮನೆಮನೆಗೆ ಹಂಚುವ ಕರಪತ್ರದ ಬರಹವಿತ್ತು. ಮೊದಲ ಸಾಲು: ಹೆರಿಗೆ ವಾರ್ಡು ಮುಚ್ಚಲು ನಾನು ಮತ ಹಾಕಿಲ್ಲ.

"ಇದನ್ನ ಟೈಪ್ ಮಾಡ್ಕೊಡು ಐಲೀನ್. ನಾಲ್ಕು ಸಾವಿರ ಪ್ರತಿ ತೆಗೆಸೋಣ."

"ಮಾಡಲ್ಲ."

"ಯಾಕೆ? ಒಂದಕ್ಷರ ಸುಳ್ಳಿದ್ರೆ ತೋರಿಸು."

"ಸುಳ್ಳಿಲ್ಲ. ಅದಕ್ಕೇ ಹೊಟ್ಟೆ ಉರೀತಿರೋದು. ಒಡೆಟ್ ಫೋನ್ ಮಾಡಿದ್ಲು."

ಅವನು ಡಬ್ಬಿಯನ್ನು ನಿಧಾನವಾಗಿ ಮೇಜಿನ ಮೇಲಿಟ್ಟ. "ಅದು ಮರ್ರೇ ಯೋಚನೆ, ಮಾರಾಯ್ತಿ. ಕಾಯಿಲೆ ಮನುಷ್ಯ ಅಂದ. ಹೇಗೆ ಆಗಲ್ಲ ಅನ್ಲಿ?"

"ನಾನೂ ಇಲ್ಲ ಅನ್ನೋನು, ಬೇರೆ ಜೋಡಿ ನೋಡಿ ಅನ್ಬೇಕಿತ್ತು. ಒಂದು ಮಾತು."

"ಹಾಗಂದಿದ್ರೆ ಮರ್ರೇ ನನ್ನ..."

"ಏನ್ ಮಾಡ್ತಿದ್ದ? ಇನ್ನೂ ಹಿಂದಿನ ಸಾಲಿಗೆ ಕಳಿಸ್ತಿದ್ನಾ? ನಿನ್ನ ಹಿಂದೆ ಇರೋದು ಗೋಡೆ, ಗಾರ್ನೆಟ್!"

ನಾನು ಅಷ್ಟು ಗಟ್ಟಿಯಾಗಿ ಕೂಗಿದ್ದು ಅದೇ ಮೊದಲು. ಅವನು ಕಿಟಕಿಯ ಕಡೆ ತಿರುಗಿದ.

"ಯಾರಿಗೂ ಗೊತ್ತಾಗಲ್ಲ ಬಿಡು. ಯಾರು ಬಂದಿಲ್ಲ ಅಂತ ಸಭೇಲಿ ಎತ್ತಿ ಆಡೋ ಹಾಗಿಲ್ಲ. ನಿಯಮ ಇದೆ."

"ಇದೆ, ನಾನೂ ಓದಿದೀನಿ. ಅದು ಸಭೆಯೊಳಗೆ. ಇದು ಲಾಂಡ್ರಿ ಪಕ್ಕದ ಅಂಗಡಿ ಕೋಣೆ. ಜೋಸಿಗೆ ಜನವರೀಲಿ ನೋವು ಬಂದ್ರೆ ಯಾವ ನಿಯಮ ಓದಿ ಹೇಳ್ತೀಯ?"

ಅವನು ಕರಪತ್ರದ ಬರಹವನ್ನು ಮಡಚಿ ಜೇಬಿಗೆ ತುರುಕಿದ. ಕೊನೆಗೆ, "ಸರಿ, ಇದ್ದದ್ದು ಇದ್ದ ಹಾಗೆ ಬರಿ" ಎಂದ.

ಬರೆದೆ. ನಾಲ್ಕೇ ಸಾಲು. ಇಲ್ಲ ಎನ್ನುತ್ತೇನೆಂದು ಮಾತು ಕೊಟ್ಟಿದ್ದೆ. ಇಲ್ಲ ಎನ್ನುವ ಇನ್ನೊಬ್ಬರ ಜೊತೆ ಜೋಡಿಯಾಗಿ ಹೊರಗುಳಿದೆ. ಅದರಿಂದ ಒಂದು ಮತದಲ್ಲಿ ಮಸೂದೆ ಗೆದ್ದಿತು. ತಪ್ಪು ನನ್ನದು.

ಅವನು ಹಾಳೆಯನ್ನು ಕೈಗೆತ್ತಿಕೊಂಡು ತುಟಿ ಅಲುಗಿಸುತ್ತ ಎರಡು ಸಲ ಓದಿದ. ಕಣ್ಣಲ್ಲಿ ನೀರಿತ್ತು. ಒಂದು ಕ್ಷಣ, ಮಗು ಒಳಗೆ ಹೋಗುವವರೆಗೆ ಕಾಯುತ್ತಿದ್ದ ಆ ಹಳೆಯ ಗಾರ್ನೆಟ್ ಸಿಕ್ಕಿದನೆಂದೇ ಅಂದುಕೊಂಡೆ. ಅವನು ಪೆನ್ನಿಗೆ ಜೇಬು ತಡಕಿದ. ಕೈಗೆ ಫೋನು ಬಂತು.

"ಒಂದ್ಸಲ ಮರ್ರೇಗೆ ಕೇಳ್ಬಿಡ್ಲಾ?"

ನಾನು ಅವನ ಕೈಯಿಂದ ಹಾಳೆ ಕಿತ್ತುಕೊಂಡೆ. ಕೋಟು ಹಾಕಿಕೊಂಡು ಹೊರಗೆ ಹೋಗಿ, ಬೀದಿಗೆ ಕಾಣುವ ಹಾಗೆ ಕಚೇರಿಯ ಬಾಗಿಲಿನ ಗಾಜಿಗೆ ಅಂಟಿಸಿದೆ. ಅವನ ಸಹಿಯ ಜಾಗ ಖಾಲಿಯಿತ್ತು. ಅದರ ಕೆಳಗೆ, ಇದಕ್ಕೆ ನಾನೇ ಸಾಕ್ಷಿ ಎಂದು ಬರೆದು ನನ್ನ ಹೆಸರು ಹಾಕಿ, ಜೋಸಿಯ ಮನೆಯ ಕಡೆ ನಡೆದೆ.