ಹೈದರಾಬಾದಿನ ಸೊಟ್ಟ ನೆಲ

ಹೋದ ವಾರ ನಮ್ಮ ವರಾಂಡಕ್ಕೆ ಟೈಲ್ಸ್ ಹಾಕುವ ಮುಂಚೆ ಹಳೆಯ ಫರ್ಸಿ ನೆಲದ ಮೇಲೆ ಒಂದು ಕೊಡ ನೀರು ಸುರಿದರು. ಬಿಸಿಲಿಗೆ ಕಾದ ಶಹಾಬಾದ್ ಕಲ್ಲಿಗೆ ನೀರು ಬಿದ್ದಾಗ ಒಂದು ವಾಸನೆ ಏಳುತ್ತದಲ್ಲ, ಅದು ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಮೇಸ್ತ್ರಿ ಚಾಚಾ ಕಣ್ಣ ಮುಂದೆ ಬಂದರು... ಆ ಕಲ್ಲು ಹಾಸಿದವರು ಅವರೇ. ಈಗ ಟೈಲ್ಸ್ ಹಾಕಲು ಬಂದವನು ಅವರ ಮಗ.

ಚಾಚಾ ಹಾಸಿದ ನೆಲದಲ್ಲಿ ನೀರು ನಿಂತಿತೆಂದು ದೂರಿದವರು ನಮ್ಮ ಓಣಿಯಲ್ಲಿ ಯಾರೂ ಇಲ್ಲ. ಅವರ ಜುಬ್ಬಾದ ಕಿಸೆಯಲ್ಲಿ ಸದಾ ಒಂದು ಗಾಜಿನ ಗೋಲಿ ಇರುತ್ತಿತ್ತು. ಕಲ್ಲು ಕೂಡಿಸಿದ ಮೇಲೆ ಅದನ್ನು ನೆಲಕ್ಕೆ ಬಿಡುವರು. ಮೋರಿಯ ಕಡೆ ತಾನಾಗಿ ಉರುಳಿದರೆ ಸರಿ, ನಡುವೆ ನಿಂತರೆ ಕಲ್ಲು ಮತ್ತೆ ಎಬ್ಬಿಸುವರು. ಮದುವೆ ಮನೆಯಲ್ಲಿ ಊಟಕ್ಕೆ ಕೂರುವ ಮುಂಚೆಯೂ ಗೋಲಿ ಬಿಟ್ಟು ನೋಡಿದ್ದುಂಟು. ಹುಟ್ಟುಗುಣ ಸುಟ್ಟರೂ ಹೋಗದು.

"ನಾ ಹಾಸೋ ಕಲ್ಲು ಹೈದ್ರಾಬಾದಿಗೆ ಹೋಗ್ಯಾವ, ಬೊಂಬಾಯಿಗಿ ಹೋಗ್ಯಾವ. ನಾ ಮಾತ್ರ ವಾಡಿ ಸ್ಟೇಷನ್ ದಾಟಿಲ್ಲ ನೋಡು" ಎಂದು ಅವರು ಆಗಾಗ ಹೇಳುತ್ತಿದ್ದರು. ಹೈದರಾಬಾದಿನಲ್ಲಿ ಎರಡು ವರ್ಷ ಓದಿ ಬಂದ ನನಗೆ ಆಗ ಭಾರೀ ಜಂಬ. ನಡೀರಿ ಚಾಚಾ, ನಾನು ತೋರಿಸುತ್ತೇನೆ ಎಂದೆ. ಮುಂದಿನ ವಾರವೇ ವಾಡಿಯಿಂದ ರೈಲು ಹತ್ತಿದೆವು. ಅವರ ಹೆಂಡತಿ ಚಾಚಿಯದು ಒಂದೇ ಬೇಡಿಕೆ, ಊರು ನೋಡಿದ ನೆನಪಿಗೆ ಏನಾದರೂ ತರಬೇಕು.

ಹೈದರಾಬಾದಿನ ಕೆರೆಯ ದಂಡೆಯಲ್ಲಿ ನೆನಪಿನ ಸಾಮಾನು ಮಾರುವ ತಳ್ಳುಗಾಡಿಗಳು ಸಾಲಾಗಿ ನಿಂತಿದ್ದವು. ಚಾಚಾ ಒಂದು ಪುಟ್ಟ ಚಾರ್ಮಿನಾರ್ ಎತ್ತಿ ಅಂಗೈ ಮೇಲಿಟ್ಟು ಒಂದು ಕಣ್ಣು ಮುಚ್ಚಿ ನೋಡಿದರು.

"ನಾಕು ಕಂಬ ಒಂದ್ ಮಟ್ಟದಾಗ ಇಲ್ಲ. ಮುಂದ ನಡಿ."

ಮೂರನೆಯ ಗಾಡಿಯಲ್ಲೂ ಇದೇ ತೀರ್ಪು. ಅವರನ್ನು ಬಿಟ್ಟು ನಾನೇ ಚೌಕಾಸಿಗೆ ನಿಂತೆ. ತಿರುಗಿ ನೋಡಿದರೆ ಚಾಚಾ ಇಲ್ಲ.

ಹತ್ತು ಹೆಜ್ಜೆ ಆಚೆ ಕಾಲುದಾರಿಯ ಮೇಲೆಯೇ ಒಂದು ಕಲಾಕೃತಿ ಇತ್ತು. ರಸ್ತೆಗಾಗಿ ಒಡೆದ ಮನೆಗಳ ನೆಲಗಲ್ಲುಗಳನ್ನು ತಂದು ಬೇಕೆಂದೇ ಸೊಟ್ಟಗೆ ಹಾಸಿದ್ದರು, ಒಂದು ಎದ್ದು, ಒಂದು ಕುಸಿದು. ದಾಟಬೇಕಾದರೆ ಅದರ ಮೇಲೆಯೇ ನಡೆಯಬೇಕು. 'ಇಲ್ಲೊಂದು ಮನೆ ಇತ್ತು' ಎಂದು ಇಂಗ್ಲಿಷಿನಲ್ಲಿ ಬರೆದ ಹಲಗೆ. ಇದಕ್ಕೂ ಸರಕಾರದ ದುಡ್ಡೇ ಎಂದು ಕೆಲವರು ಉರಿದುಬೀಳುತ್ತಿದ್ದರು, ಕೆಲವರು ಫೋಟೋ ತೆಗೆಯುತ್ತಿದ್ದರು. ಚಾಚಾನಿಗೆ ಇಂಗ್ಲಿಷ್ ಬಾರದು. ಅವರಿಗೆ ಕಂಡದ್ದು ತಮ್ಮೂರಿನ ಕಲ್ಲನ್ನು ಯಾರೋ ಕೆಲಸಗೇಡಿ ಹಾಸಿ ಹೋದದ್ದು. ಮೊಣಕಾಲೂರಿ ಕೂತು ಎರಡು ಕಲ್ಲು ಎಬ್ಬಿಸಿ, ಕೆಳಗಿನ ಮರಳು ಸರಿಸಿ, ಸಾಪಾಗಿ ಕೂಡಿಸಿಬಿಟ್ಟಿದ್ದರು. ಮೂರನೆಯದಕ್ಕೆ ಕೈ ಹಾಕಿದಾಗ ಕಾವಲುಗಾರ ಬಂದು ಕೊರಳಪಟ್ಟಿ ಹಿಡಿದ.

ಜನ ಸೇರಿದರು. ಮೊಬೈಲುಗಳು ಮೇಲೆದ್ದವು. ಯಾರ ಜೊತೆ ಬಂದಿದ್ದೀಯ ಎಂದು ಕಾವಲುಗಾರ ಗದರಿದ. ಚಾಚಾ ತಲೆ ಎತ್ತಿ ನನ್ನತ್ತ ನೋಡಿದರು. ನಾನು... ಮುಖ ತಿರುಗಿಸಿ ಗಾಡಿಯವನೊಡನೆ ರೇಟು ಮಾತಾಡತೊಡಗಿದೆ. ನನ್ನ ಕಾಲೇಜಿನವರು ಯಾರಾದರೂ ನೋಡಿಯಾರು ಎಂಬ ನಾಚಿಕೆ, ಅಷ್ಟೇ.

"ಒಬ್ಬನೇ ಬಂದೀನಿ" ಎಂದರು ಚಾಚಾ.

ಅಷ್ಟರಲ್ಲಿ ಅದನ್ನು ಮಾಡಿದ ಕಲಾವಿದೆಯೇ ಬಂದಳು. ಎಡವಲಿ ಎಂದೇ ಹೀಗೆ ಹಾಸಿದ್ದೇನೆ, ಎಡವಿದಾಗಲಾದರೂ ಜನ ಕೆಳಗೆ ನೋಡುತ್ತಾರೆ ಎಂದು ಹಿಂದಿಯಲ್ಲಿ ವಿವರಿಸಿದಳು. ಚಾಚಾ ಪೂರ್ತಿ ಕೇಳಿಸಿಕೊಂಡರು. ಅವರ ಉತ್ತರವನ್ನು ನಮ್ಮ ಓಣಿಯ ಮಾತಿಗೆ ತಂದರೆ ಹೀಗೆ:

"ನಿನ್ನ ಮಾತು ಖರೇ ಅದ, ಬೇಟಿ. ಆದ್ರ ಈ ಕಲ್ಲಿಗಿ ಎಡವಿದಾವ ನಿನಗ ಬೈಯಂಗಿಲ್ಲ, ಹಾಸಿದ ಮೇಸ್ತ್ರಿಗಿ ಬೈತಾನ."

ಆಕೆ ನಗಲಿಲ್ಲ. ಕಾವಲುಗಾರನಿಗೆ ಕೈ ಬಿಡಲು ಹೇಳಿದಳು. ಸರಿಮಾಡಿದ ಎರಡು ಕಲ್ಲು ಹಾಗೆಯೇ ಇರಲಿ ಎಂದಳು. ಜನ ಚದುರಿದ ಮೇಲೆ ನಾನು ಚಾರ್ಮಿನಾರ್ ಹಿಡಿದು ಹೋಗಿ ಏನಾಯ್ತು ಚಾಚಾ ಎಂದೆ. ಆ ಭಂಡತನವೂ ನನ್ನದೇ.

"ಏನಿಲ್ಲ ನಡಿ. ಗಾಡಿ ಟೈಮ್ ಆಯ್ತು."

ಊರಿಗೆ ಬಂದ ಮೇಲೆ ಚಾಚಾ ಕಥೆ ಬದಲಿಸಿದರು. "ಇಂವ ಇದ್ದ ಅಂತ ಉಳದೆ. ಇಂಗ್ಲಿಷಿನಾಗ ಹಂಗ ಜಾಡಿಸಿದ ನೋಡು" ಎಂದು ಚಾಚಿಗೆ ಹೇಳಿದರು, ಓಣಿಗೆಲ್ಲ ಹೇಳಿದರು. ಚಾಚಿ ನನಗೆ ಖೀರು ಕಳಿಸಿದಳು. ಕುಡಿದೆ. ಚಾಚಾ ತೀರಿಕೊಂಡು ಈಗ ಎರಡು ವರ್ಷ.

ನಿನ್ನೆ ಚಹಾ ಕುಡಿಯುತ್ತ ಅವರ ಮಗ ನನ್ನ ಹೆಂಡತಿಗೆ ಅದೇ ಕಥೆ ಹೇಳಲು ಶುರುಮಾಡಿದ. ಆಕೆ ಹೆಮ್ಮೆಯಿಂದ ನನ್ನತ್ತ ನೋಡಿದಳು. ತಡೆಯಲಾಗಲಿಲ್ಲ. ಆಕೆ ಒಳಗೆ ಹೋಗಿ ಅವನು ಮತ್ತೆ ಕೆಲಸಕ್ಕೆ ಕೂತ ಮೇಲೆ, ಅದು ಸುಳ್ಳಪ್ಪ, ನಾನು ಮುಖ ತಿರುಗಿಸಿ ನಿಂತಿದ್ದೆ ಎಂದು ಅವನಿಗೆ ಹೇಳಿಬಿಟ್ಟೆ.

ಅವನು ಟೈಲ್ಸ್ ಕೂಡಿಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತದರಿ. ನಮ್ಮ ಅಬ್ಬಾ ತೀರ್ಕೊಳೋ ಮುಂದ ಹೇಳ್ಯಾರ. 'ಆದ್ರ ನೀ ಎಲ್ಲರ ಮುಂದ ಹಂಗೇ ಹೇಳ್ಕೋತ ಇರು, ನಮ್ಮ ಓಣಿ ಹುಡುಗ ಅಂವ' ಅಂದ್ರು ನನಗ."

ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಕ್ಷಮೆ ಕೇಳಬೇಕಾದವರು ಆಮೇಲೆ ಎಂಟು ವರ್ಷ ಪಕ್ಕದ ಮನೆಯಲ್ಲೇ ಇದ್ದರು. ನಾನು ಕೇಳಲಿಲ್ಲ.