ಮೀಸೆ ತಾತನ ಹರಕೆ

ಬೆಳಗ್ಗೆ ಮುಖ ತೊಳೆದ ಮೇಲೆ ಮುನಿಶಾಮಪ್ಪನವರು ಅಂಗೈಗೆ ಚೂರು ಹರಳೆಣ್ಣೆ ಹಾಕಿಕೊಂಡು ಮೀಸೆಗೆ ಸವರಿಕೊಳ್ಳುತ್ತಿದ್ದರು. ಆಮೇಲೆ ಪುಟ್ಟ ಬಾಚಣಿಗೆಯಿಂದ ಎರಡೂ ತುದಿಗಳನ್ನು ಮೇಲಕ್ಕೆ ತಿರುವಬೇಕು. ಮಗಳ ಮದುವೆಯ ದಿನ ಮುಹೂರ್ತ ಮೀರುತ್ತಿದೆ ಎಂದು ಎಲ್ಲರೂ ಕೂಗುತ್ತಿದ್ದಾಗಲೂ ಈ ಕೆಲಸ ಮುಗಿಸಿಯೇ ಹೊರಗೆ ಬಂದವರು. "ಒಲೆ ಮೇಲೆ ಹಾಲು ಉಕ್ಕಿ ಹೋದ್ರೂ ನೋಡಲ್ಲ, ಮೀಸೆ ಮಾತ್ರ ನೋಡ್ಕೋತಾರೆ" ಎಂದು ಹೆಂಡತಿ ಅನುಸೂಯಮ್ಮ ದಿನವೂ ಗೊಣಗುತ್ತಿದ್ದರು. ತಲೆಯಲ್ಲಿ ಹೇಳಿಕೊಳ್ಳುವಷ್ಟು ಕೂದಲಿರಲಿಲ್ಲ. ಇದ್ದದ್ದೆಲ್ಲ ಮೀಸೆಯಲ್ಲೇ.

ಹೊಸಕೋಟೆಯ ತರಕಾರಿ ಮಂಡಿಯಲ್ಲಿ ಅವರದು ತೂಕ ಹಾಕುವ ಕೆಲಸ. ಒಂದು ಸಂಜೆ ಮನೆಗೆ ಬರುವಾಗ ಶಾಲೆಯ ಮೈದಾನದಿಂದ ಫುಟ್‌ಬಾಲ್ ಹಾರಿ ಬಂದು ಅವರ ಸೈಕಲ್ಲಿಗೆ ಬಡಿಯಿತು. ಬೈಯಬೇಕೆಂದು ಒಳಗೆ ಹೋದವರು, ಹುಡುಗಿಯರು ಆಡುತ್ತಿದ್ದುದನ್ನು ನೋಡುತ್ತ ನಿಂತುಬಿಟ್ಟರು. ಅಂದಿನಿಂದ ಆ ಹುಡುಗಿಯರ ನವಜ್ಯೋತಿ ಕ್ಲಬ್ ತಂಡದ ಒಂದು ಪಂದ್ಯವನ್ನೂ ಬಿಟ್ಟಿಲ್ಲ. ನಿಯಮಗಳು ಅವರಿಗೆ ಪೂರ್ತಿ ತಿಳಿಯದು. ಗೋಲ್‌ಕೀಪರನ್ನು "ಬಾಗಿಲು ಕಾಯೋಳು" ಎನ್ನುತ್ತಾರೆ. ಆಫ್‌ಸೈಡ್ ಎಂಬುದು ರೆಫರಿಗಳು ಬೇಕೆಂದೇ ಮಾಡಿಕೊಂಡ ನೆಪ ಎಂದು ಅವರ ಖಚಿತ ನಂಬಿಕೆ. ಹುಡುಗಿಯರು ಅವರನ್ನು ಮೀಸೆ ತಾತ ಎಂದೇ ಕರೆಯುವುದು.

ಈ ವರ್ಷ ನವಜ್ಯೋತಿ ಆಡಿದ ಪಂದ್ಯವನ್ನೆಲ್ಲ ಸೋತಿತು. ಕೊನೆಯದನ್ನೂ ಸೋತರೆ ಮುಂದಿನ ವರ್ಷದಿಂದ ಹುಡುಗಿಯರ ತಂಡವೇ ಬೇಡ ಎಂದು ಕ್ಲಬ್ಬಿನ ಹಿರಿಯರು ಹೇಳಿಬಿಟ್ಟರು. ಪಕ್ಕದ ಬೀದಿಯ ಅಶೋಕನ ಮಗಳು ಸಂಘಮಿತ್ರ ತಂಡದ ನಾಯಕಿ. ಪಂದ್ಯದ ಹಿಂದಿನ ಸಂಜೆ ಅವಳು ಬಂದು, "ತಾತ, ನಾಳೆ ಸೋತ್ರೆ ನಾವು ಮನೇಲಿ ಕೂತ್ಕೊಳ್ಳೋದೇ" ಎಂದಳು. ಮಾರನೆಯ ಬೆಳಗ್ಗೆ ಮುನಿಶಾಮಪ್ಪನವರು ಮೈದಾನಕ್ಕೆ ಹೋಗುವ ದಾರಿಯಲ್ಲಿ ಮುನೇಶ್ವರನ ಗುಡಿಯ ಮುಂದೆ ಸೈಕಲ್ ನಿಲ್ಲಿಸಿದರು.

"ಹುಡುಗೀರು ಗೆಲ್ಲಲಿ ಸ್ವಾಮಿ, ಮುಡಿ ಕೊಡ್ತೀನಿ."

ಎದುರಾಳಿ ದೇವನಹಳ್ಳಿ ತಂಡ. ಆಟ ಮುಗಿಯುತ್ತ ಬಂದರೂ ಯಾರೂ ಗೋಲು ಹೊಡೆದಿರಲಿಲ್ಲ. ಆಗ ಸಂಘಮಿತ್ರ ಮೂಲೆಯಿಂದ ಒದ್ದ ಚೆಂಡನ್ನು ಆಚೆಗೆ ಹೊಡೆಯಲು ದೇವನಹಳ್ಳಿಯ ಹುಡುಗಿಯೊಬ್ಬಳು ನುಗ್ಗಿದಳು. ಚೆಂಡು ಅವಳ ಮೊಣಕಾಲಿಗೆ ತಗುಲಿ ಅವಳದೇ ತಂಡದ ಬಲೆಯೊಳಗೆ ಬಿತ್ತು. ಕೂಗಬೇಕೋ ಬೇಡವೋ ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ.

"ನಮ್ಗಾ, ಅವ್ರಿಗಾ?" ಮುನಿಶಾಮಪ್ಪ ಪಕ್ಕದವರನ್ನು ಕೇಳಿದರು.

"ನಮ್ಗೇ ಕಣಣ್ಣ!"

ಅವರು ಕುಣಿಯಲಿಲ್ಲ. ನೆಲದ ಮೇಲೆ ಕೂತು ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ಆಟ ಮುಗಿದ ಸೀಟಿ ಕೇಳಿದಾಗಲೇ ಎದ್ದದ್ದು. ಮೊದಲು ಹೋದದ್ದು ಅಳುತ್ತ ನಿಂತಿದ್ದ ದೇವನಹಳ್ಳಿಯ ಹುಡುಗಿಯ ಹತ್ತಿರ. ಜೇಬಿನಲ್ಲಿದ್ದ ಕಿತ್ತಲೆಹಣ್ಣು ಕೊಟ್ಟು, "ಅಳಬೇಡ ಕಣವ್ವ, ನಿನ್ನಿಂದ ಒಂದು ಟೀಮ್ ಉಳೀತು" ಎಂದರು. ಅವಳು ಇನ್ನೂ ಜೋರಾಗಿ ಅತ್ತಳು.

ಹರಕೆಯ ಸುದ್ದಿ ತಿಳಿದಾಗ ಹುಡುಗಿಯರೆಲ್ಲ ಮುತ್ತಿಕೊಂಡರು.

"ತಾತ, ಗೋಲು ಹೊಡೆದಿದ್ದು ಅವರ ಹುಡುಗಿ. ಹರಕೆ ಕ್ಯಾನ್ಸಲ್!"

"ಗೆಲ್ಲಲಿ ಅಂದೆ ಅಷ್ಟೇ. ಯಾರ ಕಾಲಿಂದ ಅಂತ ನಾನೂ ಹೇಳ್ಲಿಲ್ಲ, ಸ್ವಾಮೀನೂ ಕೇಳ್ಲಿಲ್ಲ."

ಸೋಮವಾರ ಗುಡಿಯ ಮುಂದಿನ ಕಲ್ಲಿನ ಮೇಲೆ ಅವರು ಕೂತರು. ಅನುಸೂಯಮ್ಮನ ಜೊತೆ ಹುಡುಗಿಯರೂ ಬಂದಿದ್ದರು. ಕ್ಷೌರದ ಬೈರಪ್ಪ ಅವರ ಹಳೆಯ ಸ್ನೇಹಿತ. ತಲೆ ಬೋಳಿಸಲು ಅವನಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಆಮೇಲೆ ಕತ್ತಿ ಒರೆಸಿ ಮೀಸೆಯ ಕಡೆ ನೋಡಿದ.

"ಅಣ್ಣಾ, ಮುಡಿ ಅಂದ್ರೆ ತಲೆಕೂದಲು. ಮೀಸೆ ಬಿಟ್ಬಿಡ್ತೀನಿ. ಒಳಗಿರೋ ಸ್ವಾಮಿಗೂ ಅಷ್ಟು ದೊಡ್ಡ ಮೀಸೆ ಐತೆ, ಅವ್ನು ಏನೂ ಅಂದ್ಕೊಳ್ಳಲ್ಲ."

"ಹೂಂ, ಬಿಟ್ಬಿಡಪ್ಪ ಬೈರಪ್ಪ," ಎಂದು ಥಟ್ಟನೆ ಹೇಳಿದವರು ಅನುಸೂಯಮ್ಮ. ಹುಡುಗಿಯರು ಕಿಸಕ್ಕನೆ ನಕ್ಕರು.

ಮುನಿಶಾಮಪ್ಪನವರು ಗುಡಿಯೊಳಗೆ ಒಮ್ಮೆ ನೋಡಿದರು.

"ಬೇಡ ಬೈರಪ್ಪ. ಹರಕೆ ಹೊತ್ಕೊಂಡಾಗ ನನ್ ಕೈ ತಲೆ ಮೇಲಿರ್ಲಿಲ್ಲ, ಮೀಸೆ ಮೇಲಿತ್ತು" ಎಂದು ಮುಖವನ್ನು ಮೇಲಕ್ಕೆತ್ತಿ ಹಿಡಿದರು.